ಹಳೆಯ ಟರ್ಬೊ ಪೆಟ್ರೋಲ್ ಕಾರು ಮಡಿಕೇರಿಗೆ ಬಂದಮೇಲೆ ಲೀಟರಿಗೆ 10 ಮಾತ್ರ ಕೊಡುತ್ತಿದೆ, ಎಂಜಿನ್ ಹೋಯ್ತಾ?

ಎಂಜಿನ್ ಹೋಗಿರಲಿಕ್ಕಿಲ್ಲ. ಕಾರು ಮಾರುವ ಯೋಚನೆ ಒಂದು ತಿಂಗಳು ಪಕ್ಕಕ್ಕಿಡಿ.

ನೀವು ಬರೆದಿರುವುದು ಇಷ್ಟು. 2015ರ ಟರ್ಬೊ ಪೆಟ್ರೋಲ್ ಕಾರು. ಮೈಸೂರಿನಲ್ಲಿದ್ದಾಗ 15 ಕೊಡುತ್ತಿತ್ತು. ಮಡಿಕೇರಿಗೆ ವರ್ಗವಾಗಿ ಬಂದು ಎಂಟು ತಿಂಗಳಾಯ್ತು, ಮನೆಯಿಂದ ಆಫೀಸು ಮೂರು ಕಿಲೋಮೀಟರ್, ವಾರಕ್ಕೊಮ್ಮೆ ಕುಶಾಲನಗರ. ಈಗ 10 ದಾಟುತ್ತಿಲ್ಲ. ಒಬ್ಬ ಮೆಕ್ಯಾನಿಕ್ ಟರ್ಬೊ ಬದಲಾಯಿಸಬೇಕು ಅಂದರು, ಇನ್ನೊಬ್ಬರು ಕಾರನ್ನೇ ಮಾರಿಬಿಡಿ ಅಂದರು. ಪಿಕಪ್ ಮಾತ್ರ ಏನೂ ಕಡಿಮೆಯಾಗಿಲ್ಲ ಅಂತ ಕೊನೆಯಲ್ಲಿ ಸೇರಿಸಿದ್ದೀರಿ. ಆ ಕೊನೆಯ ಮಾತು ನೋಡಿಯೇ ನಾನು ಧೈರ್ಯವಾಗಿ ಹೇಳುತ್ತಿದ್ದೇನೆ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ. ಅದು ಕೆಟ್ಟರೆ ಕೊಡಗಿನಲ್ಲಿ ಮುಚ್ಚಿಡಲಿಕ್ಕೆ ಆಗುವುದಿಲ್ಲ, ಮೊದಲನೇ ಏರಿನಲ್ಲೇ ಗೊತ್ತಾಗುತ್ತದೆ. ಕಾರು ಎಳೆಯುವುದಿಲ್ಲ, ಅಥವಾ ನೀಲಿ ಹೊಗೆ ಬರುತ್ತದೆ, ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ, ಇಲ್ಲವೇ ಸೈರನ್ ತರಹ ಕೂಗಲು ಶುರುಮಾಡುತ್ತದೆ. ಇದ್ಯಾವುದೂ ಇಲ್ಲದೆ ಬರೀ ಮೈಲೇಜ್ ಬಿದ್ದಿದ್ದರೆ ಟರ್ಬೊ ಮೇಲೆ ದುಡ್ಡು ಸುರಿಯಬೇಡಿ.

ನನ್ನದೂ ಅಂಥದ್ದೇ ಕಾರು. 2014ರ ಮಾಡೆಲ್, 1.2 ಲೀಟರ್ ಟರ್ಬೊ, 1,20,000 ಕಿಲೋಮೀಟರ್ ದಾಟಿದೆ. ಮನೆ ಮೂರ್ನಾಡಿನ ಹತ್ತಿರ, ಸ್ವಲ್ಪ ಕಾಫಿ ತೋಟ. ಒಂದು ದಿನ ಮಡಿಕೇರಿ, ಒಂದು ದಿನ ವಿರಾಜಪೇಟೆ, ತಿಂಗಳಿಗೊಮ್ಮೆ ಮೈಸೂರು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನನಗೂ ಇದೇ ಆಗಿತ್ತು, ಹಾಗಾಗಿ ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕುಳಿತೆ.

ಮೊದಲು ಆ 10 ಎಲ್ಲಿಂದ ಬಂತು ನೋಡಿ. ಮೀಟರಿನಲ್ಲಿ ತೋರಿಸುವ ಮೈಲೇಜ್ ನಂಬಬೇಡಿ, ಅದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ಹೇಳುತ್ತದೆ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪು. ಆಟೋ ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ, ಮೇಲೆ ರೌಂಡ್ ಫಿಗರಿಗೆ ಅಂತ ತುಂಬಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲವೂ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ನನಗೆ ಆಗ 358 ಕಿಲೋಮೀಟರಿಗೆ 38.1 ಲೀಟರ್ ಹಿಡಿದಿತ್ತು. ಅಂದರೆ 9.4. ಮೀಟರ್ ಮಾತ್ರ 10.3 ಅಂತ ತೋರಿಸುತ್ತಿತ್ತು. ಒಂದು ಟ್ಯಾಂಕ್ ಸಾಲದು, ಎರಡು ಮೂರು ಸಲ ಮಾಡಿ.

ಇನ್ನು ನಮ್ಮ ರಸ್ತೆಯ ಪಾಲು. ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1150. ನಡುವೆ 320 ಮೀಟರ್ ಏರು. ಜನ, ಸಾಮಾನು ಸೇರಿ 1400 ಕಿಲೋ ತೂಗುವ ಕಾರನ್ನು ಅಷ್ಟು ಮೇಲಕ್ಕೆ ಎತ್ತುವುದಕ್ಕೇ ಸುಮಾರು ಅರ್ಧ ಲೀಟರ್ ಪೆಟ್ರೋಲ್ ಬೇಕು. ಇದು ಮುಂದಕ್ಕೆ ಓಡಲು ಬೇಕಾದ ಪೆಟ್ರೋಲಿನ ಮೇಲೆ. ಮೈಸೂರಿನಲ್ಲಿ 30 ಕಿಲೋಮೀಟರಿಗೆ 2 ಲೀಟರ್ ಕುಡಿಯುತ್ತಿದ್ದ ಕಾರು ಸುಂಟಿಕೊಪ್ಪ ದಾಟಿ ಬೋಯಿಕೇರಿ ಏರು ಹತ್ತಿ ಮಡಿಕೇರಿ ಸೇರುವಾಗ ಎರಡೂವರೆ ಕುಡಿದರೆ ಅದು ಕಾರಿನ ತಪ್ಪಲ್ಲ. ಇಳಿಯುವಾಗ ಸ್ವಲ್ಪ ವಾಪಸ್ ಸಿಗುತ್ತದೆ, ಆದರೆ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತಿದರೆ ಆ ಲಾಭ ಬ್ರೇಕಿನ ಬಿಸಿಯಾಗಿ ಹೋಗಿಬಿಡುತ್ತದೆ.

ಇನ್ನೊಂದು ಪಾಲು ಎಥನಾಲಿನದು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು ಮಾತ್ರ. ಹಳೆಯ ಕಾರುಗಳಿಗೆ 6-7 ಪರ್ಸೆಂಟ್ ಮೈಲೇಜ್ ಇಳಿಯಬಹುದು ಅಂತ 2021ರಲ್ಲಿ ನೀತಿ ಆಯೋಗದ ವರದಿಯಲ್ಲೇ ಇತ್ತು. ನಿಮ್ಮ 15ರಲ್ಲಿ ಒಂದು ಹೀಗೆ ಹೋಯಿತು ಅಂದುಕೊಳ್ಳಿ. ಏರು, ಚಿಕ್ಕ ಓಡಾಟ ಸೇರಿ ಇನ್ನೊಂದೂವರೆ ಎರಡು. ಆದರೂ 12 ಬರಬೇಕು. ನಾವು ಹುಡುಕಬೇಕಾದ್ದು ಉಳಿದ ಆ ಎರಡನ್ನು.

ನನ್ನ ಕಾರಿನಲ್ಲಿ ಅದು ಸಿಕ್ಕಿದ ಬಗೆ ಹೇಳುತ್ತೇನೆ. ಜುಲೈ ತಿಂಗಳು, ಮೂರು ದಿನದಿಂದ ಬಿಡದೆ ಮಳೆ. ಮಡಿಕೇರಿಗೆ ಹೊರಟಿದ್ದೆ. ಮುಂದಿನ ಗಾಜು ಒಳಗಡೆ ಮಂಜು ಹಿಡಿದು ಏನೂ ಕಾಣುತ್ತಿರಲಿಲ್ಲ. ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿ ಬರುತ್ತಿತ್ತು ಅಷ್ಟೆ, ಬಿಸಿಯೇ ಇಲ್ಲ. ಹದಿನೈದು ಕಿಲೋಮೀಟರ್ ಓಡಿದಮೇಲೂ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದಿರಲಿಲ್ಲ. ಅಲ್ಲಿಯವರೆಗೆ ನಾನು ಆ ಮುಳ್ಳು ಮೇಲೆ ಹೋದರೆ ಮಾತ್ರ ಭಯ ಅಂದುಕೊಂಡಿದ್ದೆ, ಕೆಳಗಿದ್ದರೂ ನಷ್ಟ ಅಂತ ಗೊತ್ತಿರಲಿಲ್ಲ. ಆಮೇಲೆ ಗೆಳೆಯನೊಬ್ಬ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚಿಕ್ಕ ಸ್ಕ್ಯಾನರ್ ಹಾಕಿ ಮೊಬೈಲಿನಲ್ಲಿ ತೋರಿಸಿದ. ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ನೀರು, 66 ಡಿಗ್ರಿ. ಏರಿನಲ್ಲಿ 78ಕ್ಕೆ ಹೋಯಿತು, ಇಳಿಜಾರಿಗೆ ಬಂದ ಕೂಡಲೇ ಮತ್ತೆ 60ಕ್ಕೆ ಇಳಿಯಿತು. ಈ ಎಂಜಿನ್ ಬಿಸಿಯಾದಮೇಲೆ 90ರ ಆಸುಪಾಸಿನಲ್ಲಿ ನಿಲ್ಲಬೇಕು.

ಥರ್ಮೋಸ್ಟ್ಯಾಟ್ ತೆರೆದೇ ಸಿಕ್ಕಿಹಾಕಿಕೊಂಡಿತ್ತು. ಅದರ ಕೆಲಸ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು. ಸದಾ ತೆರೆದೇ ಇದ್ದರೆ, ನಮ್ಮ ಚಳಿ ಗಾಳಿಗೆ ಎಂಜಿನ್ ಬಿಸಿಯೇ ಆಗುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ತಿಳಿದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಜಾಸ್ತಿ ಪೆಟ್ರೋಲ್ ಬಿಡುತ್ತದೆ, ಆಯಿಲ್ ದಪ್ಪಗೇ ಇರುತ್ತದೆ, ಉಜ್ಜಾಟ ಜಾಸ್ತಿ. ಮೈಸೂರಿನ ಬಿಸಿಲಿನಲ್ಲಿ ಇದು ಅಷ್ಟಾಗಿ ಗೊತ್ತಾಗದೇ ಇರಬಹುದು, ಮಡಿಕೇರಿಯ ಮಂಜಿನಲ್ಲಿ ಗೊತ್ತಾಗುತ್ತದೆ. ಬಿಚ್ಚಿದ ಹಳೆಯದನ್ನು ಮನೆಗೆ ತಂದಿದ್ದೆ. ಪೂರ್ತಿ ತಣ್ಣಗಿರುವಾಗಲೂ ಅದರ ಬಾಯಿ ಮುಚ್ಚಿರಲಿಲ್ಲ, ಒಂದು ಕಡೆ ಉಗುರು ತೂರುವಷ್ಟು ಸಂದು. ಅಷ್ಟೇ ಸಂದು, ಅದರಲ್ಲೇ ಎಷ್ಟು ಪೆಟ್ರೋಲ್ ಹೋಯಿತು ಅಂತ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದೆ. ಹೊಸದು ಹಾಕಿ, ಕೂಲೆಂಟ್ ಬದಲಾಯಿಸಿ, ಕೂಲಿ ಸೇರಿ 4,200 ರೂಪಾಯಿ ಆಯಿತು.

ನಿಮ್ಮ ಆಫೀಸು ಮೂರೇ ಕಿಲೋಮೀಟರ್ ಅಂದಿದ್ದೀರಿ, ಅಲ್ವಾ. ಥರ್ಮೋಸ್ಟ್ಯಾಟ್ ಸರಿ ಇದ್ದರೂ ಅಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಸುಮ್ನೆ ನಿಲ್ಲಿಸಿ ಬಿಸಿ ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅರ್ಧ ನಿಮಿಷ ಸಾಕು, ಆಮೇಲೆ ಮೆಲ್ಲಗೆ ಹೊರಡಿ. ಪೇಟೆ ಕೆಲಸಗಳನ್ನೆಲ್ಲ ಒಂದೇ ಸುತ್ತಿನಲ್ಲಿ ಮುಗಿಸಿದರೆ ಬಿಸಿ ಎಂಜಿನ್ನಿನಲ್ಲಿ ಓಡಿಸಿದಂತಾಗುತ್ತದೆ. ಬರೀ ಇದರಿಂದಲೇ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚುತ್ತದೆ ಅಂತ ನನ್ನ ಅಂದಾಜು.

ಥರ್ಮೋಸ್ಟ್ಯಾಟ್ ಆದಮೇಲೂ ನನಗೆ 11ರ ಮೇಲೆ ಹೋಗಲಿಲ್ಲ. ಎರಡನೇ ಕಳ್ಳ ಸಿಕ್ಕಿದ್ದು ಮಳೆಯಿಂದಲೇ. ವಿರಾಜಪೇಟೆಯಿಂದ ಬಂದು ಅಂಗಳದಲ್ಲಿ ನಿಲ್ಲಿಸಿದಾಗ ಹನಿ ಬೀಳುತ್ತಿತ್ತು, ಎಡಗಡೆ ಹಿಂದಿನ ಚಕ್ರದಿಂದ ಮಾತ್ರ ಹಬೆ ಏಳುತ್ತಿತ್ತು. ಉಳಿದ ಮೂರು ಸುಮ್ಮನಿದ್ದವು. ಬ್ರೇಕ್ ಜಾಮ್. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ನಿಲ್ಲಿಸಿದರೆ ಒಳಗೆ ತುಕ್ಕು ಹಿಡಿಯುತ್ತದೆ, ಆಮೇಲೆ ಬ್ರೇಕ್ ಪೂರ್ತಿ ಬಿಡುವುದಿಲ್ಲ. ಕಾರು ಓಡುತ್ತದೆ, ಪಿಕಪ್ಪೂ ಇರುತ್ತದೆ, ಟರ್ಬೊ ಎಳೆಯುವ ಜೋರಿನಲ್ಲಿ ನಮಗೆ ಅದು ಗೊತ್ತೇ ಆಗುವುದಿಲ್ಲ. ಹಿಂದಿನ ಎರಡೂ ಬ್ರೇಕ್ ಬಿಚ್ಚಿಸಿ ಕ್ಲೀನ್ ಮಾಡಿಸಿ ಗ್ರೀಸ್ ಹಾಕಿಸಿದೆ. ಈಗ ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ, ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ನೀವೂ ಒಂದು ಇಪ್ಪತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದರ ಬಿಸಿ ಅದರ ಜೋಡಿ ಚಕ್ರಕ್ಕಿಂತ ಜಾಸ್ತಿ ಇದ್ದರೆ ಅಲ್ಲೇ ಇದೆ ನಿಮ್ಮ ಪೆಟ್ರೋಲ್. ಟೈರ್ ಗಾಳಿ ಬೇರೆ ಹೇಳಬೇಕಾಗಿಲ್ಲ, ಹದಿನೈದು ದಿನಕ್ಕೊಮ್ಮೆ ನೋಡಿ.

ಮೂರನೆಯದು ಟರ್ಬೊ ಕಾರಿಗೇ ಸೇರಿದ್ದು. ಟರ್ಬೊದಿಂದ ಇಂಟರ್‌ಕೂಲರಿಗೆ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಂಪು ಮಾಡುವ ಭಾಗ), ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳು ಹತ್ತು ವರ್ಷದಲ್ಲಿ ಒಣಗಿ ಬಿರುಕು ಬಿಡುತ್ತವೆ, ಕ್ಲಿಪ್ಪು ಸಡಿಲವಾಗುತ್ತದೆ. ನಮ್ಮ ಕಡೆ ಶೆಡ್ಡಿನಲ್ಲಿ ನಿಂತ ಕಾರಿನ ಬಾನೆಟ್ ಒಳಗೆ ಇಲಿ ಸೇರಿ ಕಡಿಯುವುದೂ ಉಂಟು. ಕೆಲವು ಕಾರುಗಳಲ್ಲಿ ಒಳಗೆ ಬರುವ ಗಾಳಿಯನ್ನು ಏರ್ ಫಿಲ್ಟರ್ ಪಕ್ಕದಲ್ಲೇ ಅಳೆಯುತ್ತಾರೆ. ಅಳೆದಮೇಲೆ ಗಾಳಿ ದಾರಿಯಲ್ಲಿ ಸೋರಿಹೋದರೆ, ಪೆಟ್ರೋಲ್ ಮಾತ್ರ ಲೆಕ್ಕದಷ್ಟು ಪೂರ್ತಿ ಬೀಳುತ್ತದೆ. ಬೇರೆ ಕಾರುಗಳಲ್ಲಿ ಸೋರಿದ್ದನ್ನು ತುಂಬಲು ಟರ್ಬೊ ಹೆಚ್ಚು ದುಡಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸುಯ್ ಅಂತ ಹೊಸ ಸದ್ದು ಬರುತ್ತಿದ್ದರೆ, ಹೋಸಿನ ಜಾಯಿಂಟಿನಲ್ಲಿ ಆಯಿಲ್ ಜಿಡ್ಡು ಕಂಡರೆ, ಸ್ಮೋಕ್ ಟೆಸ್ಟ್ ಮಾಡಿಸಿ, ಹೋಸಿಗೆ ಹೊಗೆ ಬಿಟ್ಟು ಎಲ್ಲಿ ಸೋರುತ್ತದೆ ಅಂತ ನೋಡುತ್ತಾರೆ. ಹಾಗೆಯೇ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಎಷ್ಟು ಓಡಿವೆ ಕೇಳಿ. ಟರ್ಬೊ ಎಂಜಿನ್ನಿನಲ್ಲಿ ಒತ್ತಡ ಜಾಸ್ತಿ, ಸವೆದ ಪ್ಲಗ್ಗಿನ ಕಿಡಿ ಏರಿನಲ್ಲೇ ತಪ್ಪುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದ ನಂಬರಿನ ಪ್ಲಗ್ಗೇ ಹಾಕಿಸಿ, ಬೇರೆ ಯಾವುದೋ ಹೊಂದುತ್ತದೆ ಅಂದರೆ ಒಪ್ಪಬೇಡಿ.

ಇನ್ನು ಓಡಿಸುವ ರೀತಿ. ಮೈಲೇಜ್ ಬೇಕು ಅಂತ ಏರಿನಲ್ಲೂ ದೊಡ್ಡ ಗೇರಿನಲ್ಲೇ ಎಳೆಸುವವರು ಬಹಳ ಜನ. ನಾಲ್ಕನೇ ಗೇರಿನಲ್ಲಿ 1300 ಆರ್‌ಪಿಎಂ ಇಟ್ಟುಕೊಂಡು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ನಿಗೆ ಹಿಂಸೆ. ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು) ತಡೆಯಲು ಇಸಿಯು ಕಿಡಿಯನ್ನು ತಡಮಾಡುತ್ತದೆ, ಪೆಟ್ರೋಲ್ ಸುಟ್ಟರೂ ಕೆಲಸ ಕಡಿಮೆ. ಮೂರಕ್ಕೆ ಇಳಿಸಿ, 2000ದಿಂದ 2500 ನಡುವೆ ಇಟ್ಟು, ಕಾಲು ಹಗುರವಾಗಿಟ್ಟು ಒಂದೇ ಸಮ ಹತ್ತಿ. ಹಾಗಂತ ಮುಂದಿನ ಜೀಪನ್ನು ಹಿಂದೆ ಹಾಕಲು ಜೋರಾಗಿ ತುಳಿದರೆ ಲೆಕ್ಕ ಬೇರೆ. ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ ಒಂದು ಪಾಲು ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ. ಪೂರ್ತಿ ಬೂಸ್ಟಿನಲ್ಲಿ, ಅಂದರೆ ಟರ್ಬೊ ಪೂರ್ತಿ ಜೋರಿನಲ್ಲಿ ಗಾಳಿ ಒತ್ತುವಾಗ, ಟರ್ಬೊ, ಸೈಲೆನ್ಸರ್ ಕಡೆ ಸುಡದಂತೆ ತಂಪು ಮಾಡಲೆಂದೇ ಇಸಿಯು ಹೆಚ್ಚು ಪೆಟ್ರೋಲ್ ಬೆರೆಸುತ್ತದೆ. ಆ ಪೆಟ್ರೋಲ್ ನಿಮ್ಮನ್ನು ಮುಂದಕ್ಕೆ ತಳ್ಳುವುದಿಲ್ಲ. ಚಿಕ್ಕ ಟರ್ಬೊ ಎಂಜಿನ್ ಮೆಲ್ಲಗೆ ಓಡಿಸಿದರೆ ಚಿಕ್ಕ ಕಾರಿನಷ್ಟು ಕುಡಿಯುತ್ತದೆ, ತುಳಿದರೆ ದೊಡ್ಡ ಕಾರಿನಷ್ಟು.

ದಯವಿಟ್ಟು ಒಂದು ಮಾತು ಕೇಳಿ. ಸಂಪಾಜೆ ಘಾಟಿಯಲ್ಲಿ, ಮಾಕುಟ್ಟದಲ್ಲಿ, ಎಲ್ಲೇ ಆಗಲಿ, ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಯಬೇಡಿ, ಎಂಜಿನ್ ಆಫ್ ಮಾಡುವುದಂತೂ ಬೇಡವೇ ಬೇಡ. ಆಫ್ ಮಾಡಿದರೆ ಬ್ರೇಕ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಐಡಲ್ ಓಡಲು ಪೆಟ್ರೋಲ್ ಬೇಕು, ಗೇರಿನಲ್ಲಿದ್ದು ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಪೂರ್ತಿ ಬಂದ್ ಆಗುತ್ತದೆ. ಅಂದರೆ ಗೇರಿನಲ್ಲಿ ಇಳಿಯುವುದೇ ಕಡಿಮೆ ಖರ್ಚು. ಹತ್ತಿದ ಗೇರಿನಲ್ಲೇ ಇಳಿಯಿರಿ. ಮೇಲೆ ಹತ್ತಿ ನಿಲ್ಲಿಸುವಾಗ ಅರ್ಧ ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ, ಇದು ಮೈಲೇಜಿಗಲ್ಲ, ಟರ್ಬೊ ಬಾಳಿಕೆಗೆ.

ದುಬಾರಿ 95, 100 ಆಕ್ಟೇನ್ ಪೆಟ್ರೋಲ್ ಹಾಕಲಾ ಅಂತಲೂ ಕೇಳಿದ್ದೀರಿ. ಆಕ್ಟೇನ್ ಅಂದರೆ ಪೆಟ್ರೋಲ್ ನಾಕಿಂಗನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ. ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕ್ಕರ್ ನೋಡಿ. ಅಲ್ಲಿ 95 ಅಂತ ಇದ್ದರೆ ಅದಕ್ಕಿಂತ ಕಡಿಮೆಯದು ಬೇಡ. 91 ಅಂತ ಇದ್ದರೆ ಮಾಮೂಲಿ ಪೆಟ್ರೋಲ್ ಸಾಕು, ಕೊಡುವ ಹೆಚ್ಚಿನ ದುಡ್ಡು ಮೈಲೇಜಿನಲ್ಲಿ ವಾಪಸ್ ಬರುವುದಿಲ್ಲ.

ನನ್ನ ಕಾರು ಈಗ ಊರೊಳಗಿನ ಓಡಾಟಕ್ಕೆ 12.6 ಕೊಡುತ್ತದೆ, ಗೋಣಿಕೊಪ್ಪ, ತಿತಿಮತಿ, ಹುಣಸೂರು ಮೇಲೆ ಮೈಸೂರಿಗೆ ಹೋದರೆ 15ರ ಮೇಲೆ. ತಿಂಗಳಿಗೆ 900 ಕಿಲೋಮೀಟರ್ ಓಡಿಸುತ್ತೇನೆ. 9.4ರಲ್ಲಿ 96 ಲೀಟರ್ ಬೇಕಿತ್ತು, 12.6ರಲ್ಲಿ 71 ಸಾಕು. ಲೀಟರಿಗೆ ನೂರರ ಮೇಲಿರುವಾಗ ತಿಂಗಳಿಗೆ 2,500 ರೂಪಾಯಿ ಉಳಿಯಿತು. ಥರ್ಮೋಸ್ಟ್ಯಾಟ್, ಬ್ರೇಕ್ ಎರಡರ ಖರ್ಚೂ ಮೂರು ತಿಂಗಳೊಳಗೆ ವಾಪಸ್ ಬಂತು.

ನಾಳೆ ಬೆಳಿಗ್ಗೆ ಕುಶಾಲನಗರಕ್ಕೆ ಹೊರಟರೆ ಸುಂಟಿಕೊಪ್ಪ ತಲುಪಿದಾಗ ಮುಳ್ಳು ಎಲ್ಲಿದೆ ನೋಡಿ, ಹೀಟರ್ ಹಾಕಿ ಕೈ ಹಿಡಿದು ನೋಡಿ, ಇಳಿದಮೇಲೆ ನಾಲ್ಕು ಚಕ್ರ ನೋಡಿ. ಆ ಮೂರನ್ನು ಇಲ್ಲಿ ಬರೆಯಿರಿ, ಮುಂದೆ ಏನು ಬಿಚ್ಚಿಸಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಟರ್ಬೊಗೆ ಅಡ್ವಾನ್ಸ್ ಕೊಡಬೇಡಿ.