ಕೇಳಿ, ತಿಳಿಯಿರಿ: ಪಾಸ್‌ಪೋರ್ಟ್ ತಡವಾಗುವುದು ಎಲ್ಲಿ?

ಈ ಸಲದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಪಾಸ್‌ಪೋರ್ಟಿನವೇ. ಹಾಗಾಗಿ ಜಮೀನು, ಖಾತೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ನಾನು ಪಾಸ್‌ಪೋರ್ಟ್ ಕಚೇರಿಯಲ್ಲಿ ಕೆಲಸ ಮಾಡಿದವನಲ್ಲ. ನಿವೃತ್ತ ಗ್ರಾಮ ಲೆಕ್ಕಿಗ. ಆದರೆ ಜನನ ಮರಣದ ರಿಜಿಸ್ಟರ್ ನನ್ನ ಕೈಯಲ್ಲೇ ಇತ್ತಲ್ಲ, ಪಾಸ್‌ಪೋರ್ಟ್ ಮಾಡಿಸಲು ಹೊರಟವರು ಎಲ್ಲೋ ಒಂದು ಕಡೆ ಸಿಕ್ಕಿಕೊಂಡು ಕೊನೆಗೆ ಬರುತ್ತಿದ್ದದ್ದು ನನ್ನ ಮೇಜಿನ ಹತ್ತಿರ. ಅಲ್ಲಿ ಕಂಡದ್ದನ್ನು ಸೇರಿಸಿಯೇ ಹೇಳುತ್ತೇನೆ.

ಪ್ರಶ್ನೆ: ಮಗಳಿಗೆ ಜರ್ಮನಿಯಲ್ಲಿ ಓದಲು ಸೀಟು ಸಿಗುವ ಹಾಗಿದೆ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಎಷ್ಟು ದಿನ ಬೇಕು? ತತ್ಕಾಲ್‌ನಲ್ಲಿ ಹಾಕಿದರೆ ಪೊಲೀಸ್ ಪರಿಶೀಲನೆ ಇರುವುದಿಲ್ಲವಂತೆ, ನಿಜವೇ? (ಓದುಗರು, ಹಾಸನ)

ಉತ್ತರ: ಮೊದಲು ಎರಡನೆಯದಕ್ಕೆ ಉತ್ತರ. ಇರುತ್ತದೆ. ತತ್ಕಾಲ್‌ನಲ್ಲಿ ಪೊಲೀಸರು ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಬರಬಹುದು, ಅಷ್ಟೇ ವ್ಯತ್ಯಾಸ. ಆ ವರದಿ ಕೆಟ್ಟರೆ ಬಂದ ಪಾಸ್‌ಪೋರ್ಟಿಗೂ ಕುತ್ತು.

ಈಗ ದಿನಗಳ ಲೆಕ್ಕ. ಹೊಸ ಪಾಸ್‌ಪೋರ್ಟಿಗೆ ಸಾಮಾನ್ಯ ಅರ್ಜಿಯಲ್ಲಿ ಒಂದು ತಿಂಗಳು ಎಂದು ಇಟ್ಟುಕೊಳ್ಳಿ. ತತ್ಕಾಲ್‌ನಲ್ಲಿ ಎಲ್ಲ ಸರಿಯಿದ್ದರೆ ಅರ್ಜಿ ಕೊಟ್ಟ ದಿನ ಬಿಟ್ಟು ಮೂರನೇ ಕೆಲಸದ ದಿನದ ಹೊತ್ತಿಗೆ ಅಂಚೆಗೆ ಬೀಳುತ್ತದೆ. 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಮೇಲೆ ಇನ್ನೂ 2,000. ಆಧಾರ್, ಮತದಾರರ ಚೀಟಿ, ಪಾನ್, ರೇಷನ್ ಕಾರ್ಡ್, ಜನನ ಪ್ರಮಾಣಪತ್ರದಂಥ ದಾಖಲೆಗಳಲ್ಲಿ ಮೂರು ತೋರಿಸಬೇಕು.

ಆದರೆ ಈ ಲೆಕ್ಕ ಶುರುವಾಗುವುದು ಯಾವಾಗ? ನೀವು ಮನೆಯಲ್ಲಿ ಕೂತು ಫಾರಂ ತುಂಬಿದ ದಿನದಿಂದ ಅಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮೂರು ಕೌಂಟರ್ ಇರುತ್ತವೆ. ‘ಎ’ಯಲ್ಲಿ ದಾಖಲೆ ಸ್ಕ್ಯಾನ್, ಫೋಟೊ, ಬೆರಳಚ್ಚು. ‘ಬಿ’ಯಲ್ಲಿ ಪಾಸ್‌ಪೋರ್ಟ್ ಇಲಾಖೆಯವರು ದಾಖಲೆ ತಾಳೆ ನೋಡುತ್ತಾರೆ. ‘ಸಿ’ಯಲ್ಲಿ ಮಂಜೂರು ಮಾಡುವ ಅಧಿಕಾರಿ. ಈ ಮೂರೂ ದಾಟಿದ ಮೇಲೆಯೇ ಗಡಿಯಾರ ಓಡುವುದು. ‘ಬಿ’ಯಲ್ಲಿ ಒಂದು ಅಕ್ಷರದ ತಪ್ಪಿಗೆ ಫೈಲು ನಿಂತರೆ ತತ್ಕಾಲ್ ದುಡ್ಡು ಕೊಟ್ಟೂ ಕಾಯಬೇಕು. ನನ್ನ ಮಾತು ಕೇಳುವುದಾದರೆ, ಸೀಟು ಖಚಿತವಾಗಲಿ ಎಂದು ಕಾಯಬೇಡಿ. ಈ ವಾರವೇ ಸಾಮಾನ್ಯ ಅರ್ಜಿ ಹಾಕಿ. ದೊಡ್ಡವರ ಪಾಸ್‌ಪೋರ್ಟಿಗೆ ಹತ್ತು ವರ್ಷ ಆಯಸ್ಸು. ಸೀಟು ತಪ್ಪಿದರೂ ಪಾಸ್‌ಪೋರ್ಟ್ ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ನಾನು 1974ರಲ್ಲಿ ಹಳ್ಳಿಯ ಮನೆಯಲ್ಲೇ ಹುಟ್ಟಿದವನು. ಜನನ ಪ್ರಮಾಣಪತ್ರ ಇಲ್ಲ. ಅದಿಲ್ಲದೆ ಪಾಸ್‌ಪೋರ್ಟ್ ಸಿಗುವುದೇ ಇಲ್ಲ, ಕೋರ್ಟಿನಿಂದ ಮಾಡಿಸಿಕೊಡುತ್ತೇನೆ ಎಂದು ಏಜೆಂಟ್ ಒಬ್ಬರು ಸಾವಿರಾರು ರೂಪಾಯಿ ಕೇಳುತ್ತಿದ್ದಾರೆ. (ಓದುಗರು, ಕೊಪ್ಪಳ)

ಉತ್ತರ: ಒಂದು ಪೈಸೆ ಕೊಡಬೇಡಿ. ಜನನ ಪ್ರಮಾಣಪತ್ರವೇ ಆಗಬೇಕು ಎಂಬ ನಿಯಮ 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದವರಿಗೆ. 2025ರಲ್ಲಿ ಪಾಸ್‌ಪೋರ್ಟ್ ನಿಯಮಗಳನ್ನು ತಿದ್ದಿ ಇದನ್ನು ತಂದರು. ಸುದ್ದಿ ಬಂದಾಗ ಎಲ್ಲರಿಗೂ ಕಡ್ಡಾಯ ಎಂದು ಊರೆಲ್ಲ ಗುಲ್ಲಾಯಿತು. ನಿಮ್ಮ ಏಜೆಂಟ್ ಅದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ನಿಮ್ಮ ವಯಸ್ಸಿನವರಿಗೆ ಶಾಲೆಯ ಟಿ.ಸಿ. ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿ, ಎಲ್‌ಐಸಿ ಬಾಂಡ್, ಸರ್ಕಾರಿ ನೌಕರರಾದರೆ ಸೇವಾ ದಾಖಲೆ, ಇವುಗಳಲ್ಲಿ ಒಂದರಲ್ಲಿ ಹುಟ್ಟಿದ ತಾರೀಕು ಇದ್ದರೆ ಸಾಕು.

ಈಗ ಇದರಲ್ಲಿರುವ ನಿಜವಾದ ಅಪಾಯ ಹೇಳುತ್ತೇನೆ. ನಮ್ಮ ಕಡೆ ನಿಮ್ಮ ತಲೆಮಾರಿನ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದ್ದಾರೆ! ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಮಗುವನ್ನು ಮೇಲೆ ಕೆಳಗೆ ನೋಡಿ, ಆರು ವರ್ಷ ಆಗುವ ಹಾಗೆ ತಾರೀಕು ಬರೆದುಕೊಂಡರು. ಮನೆಯಲ್ಲಿ ಅಮ್ಮ ಹೇಳುವುದು ಕಾರ ಹುಣ್ಣಿಮೆ ಆದ ಮೂರನೇ ದಿನ. ಇರಲಿ, ಅದು ಮನೆಯ ಲೆಕ್ಕ. ಶಾಲೆಗೆ ಸೇರಿದಾಗಿನಿಂದ ನಿಮ್ಮ ಎಲ್ಲ ಕಾಗದದಲ್ಲೂ ಶಾಲೆಯ ತಾರೀಕೇ ಕೂತಿದೆ. ಈಗ ಏಜೆಂಟಿನ ಮಾತು ಕೇಳಿ ತಡವಾದ ನೋಂದಣಿಗೆ ಹೋಗಿ, ಅಲ್ಲಿ ನಿಜವಾದ ತಾರೀಕು ಬರೆಸಿದಿರಿ ಎನ್ನಿ. ಒಬ್ಬ ಮನುಷ್ಯನಿಗೆ ಎರಡು ಹುಟ್ಟು. ದುಡ್ಡು ಕೊಟ್ಟು ತೊಂದರೆ ಕೊಂಡುಕೊಂಡ ಹಾಗಾಯಿತು.

ಇನ್ನೊಂದು ಮಾತು. ಹುಟ್ಟಿ ಒಂದು ವರ್ಷ ಕಳೆದ ಮೇಲೆ ನೋಂದಣಿ ಮಾಡಿಸಲು ಈಗ ಕೋರ್ಟ್ ಬಾಗಿಲೂ ಅಲ್ಲ. 2023ರ ತಿದ್ದುಪಡಿಯ ನಂತರ ಕಾಯ್ದೆ ಹೇಳುವುದು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ನೇಮಿಸಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅವರ ಆದೇಶ. ಏಜೆಂಟ್‌ಗೆ ಅದೂ ಗೊತ್ತಿದ್ದ ಹಾಗಿಲ್ಲ.

ಪ್ರಶ್ನೆ: ಮಗ 2024ರಲ್ಲಿ ಹುಟ್ಟಿದ್ದು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆ. ಪಾಸ್‌ಪೋರ್ಟಿಗೆ ನಡೆಯುತ್ತದೆಯೇ? (ಓದುಗಿ, ಕುಂದಾಪುರ)

ಉತ್ತರ: ನಡೆಯುವುದಿಲ್ಲಮ್ಮ. ನಿಮ್ಮ ಮಗನಿಗೆ ಬೇರೆ ದಾಖಲೆಯ ದಾರಿಯೂ ಇಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಎಂದು ಮೇಲೆ ಹೇಳಿದ ನಿಯಮ ಅವನಿಗೆ ಅನ್ವಯಿಸುತ್ತದೆ.

ಈ ಖಾಲಿ ಜಾಗದ ಕತೆ ನನಗೆ ಚೆನ್ನಾಗಿ ಗೊತ್ತು. ಹುಟ್ಟನ್ನು 21 ದಿನದೊಳಗೆ ನೋಂದಾಯಿಸಬೇಕು ಎನ್ನುತ್ತದೆ ಕಾನೂನು. ನಮ್ಮಲ್ಲಿ ನಾಮಕರಣ ಎಷ್ಟೋ ಮನೆಗಳಲ್ಲಿ ಮೂರನೇ ತಿಂಗಳಿಗೆ, ಕೆಲವರಲ್ಲಿ ಐದಕ್ಕೆ. ಹಾಗಾಗಿ ‘ಗಂಡು’, ‘ಹೆಣ್ಣು’ ಎಂದಷ್ಟೇ ಬರೆದು, ಹೆಸರಿನ ಅಂಕಣ ಬಿಟ್ಟು ಸಹಿ ಹಾಕುತ್ತಿದ್ದೆವು. ಆಮೇಲೆ ಬಂದು ಬರೆಸಿ ಎಂದರೆ ತಲೆ ಆಡಿಸಿ ಹೋಗುತ್ತಿದ್ದರು. ಮತ್ತೆ ಬರುತ್ತಿದ್ದದ್ದು ಮಗು ಶಾಲೆಗೆ ಸೇರುವಾಗ.

ಪರಿಹಾರ ಸುಲಭವಾಗಿದೆ. ಹುಟ್ಟು ನೋಂದಣಿಯಾದ ಕಚೇರಿಯಲ್ಲೇ ಹೆಸರು ಸೇರಿಸಲು ಅರ್ಜಿ ಕೊಡಿ. ಮಗು ಹುಟ್ಟಿದ ಊರಿನ ಕಚೇರಿ ಅದು, ನೀವು ಈಗ ಇರುವ ಊರಿನದ್ದಲ್ಲ. ನೋಂದಣಿಯಾದ ಒಂದು ವರ್ಷದೊಳಗೆ ಆದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಬರೆಸುವಾಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ಅಕ್ಷರ ನೋಡಿ. ನಿಮ್ಮ ಮತ್ತು ಪತಿಯ ಹೆಸರು ನಿಮ್ಮಿಬ್ಬರ ಆಧಾರ್‌ನಲ್ಲಿ ಇರುವ ಹಾಗೆಯೇ ಇದೆಯೇ ಎಂದೂ ಅಲ್ಲೇ ನೋಡಿಬಿಡಿ.

ಆಮೇಲಿನದೆಲ್ಲ ಬೇಗ ಆಗುತ್ತದೆ. ನೀವಿಬ್ಬರೂ ಸಹಿ ಮಾಡಿದ ಅನುಬಂಧ ‘ಡಿ’, ಅಂದರೆ ಮಗುವಿನ ಪಾಸ್‌ಪೋರ್ಟಿಗೆ ತಂದೆ ತಾಯಿ ಕೊಡುವ ಘೋಷಣೆ, ಬೇಕು. ಬಿಳಿ ಹಾಳೆಯಲ್ಲಿ ಸಾಕು. ನೋಟರಿ ಬೇಕಿಲ್ಲ, ಆ ಕಟ್ಟಳೆ 2016ರ ಕೊನೆಯಲ್ಲೇ ಹೋಯಿತು. ನಾಲ್ಕು ವರ್ಷದೊಳಗಿನ ಮಗು, ಹಾಗಾಗಿ ಬಿಳಿ ಹಿನ್ನೆಲೆಯ ಫೋಟೊ ನೀವೇ ಒಯ್ಯಬೇಕು. ಮಕ್ಕಳ ಶುಲ್ಕ 1,000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಅದರಲ್ಲಿ ಶೇಕಡಾ 10 ರಿಯಾಯಿತಿ. ನಿಮ್ಮಿಬ್ಬರ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಮಾನ್ಯವಾಗಿ ಪೊಲೀಸ್ ಪರಿಶೀಲನೆಯೂ ಇರುವುದಿಲ್ಲ. ಐದು ವರ್ಷಕ್ಕೆ ಮತ್ತೆ ಮಾಡಿಸಬೇಕು.

ಪ್ರಶ್ನೆ: ಪರಿಶೀಲನೆಗೆ ಬಂದ ಪೊಲೀಸರು ಪೌರತ್ವದ ದಾಖಲೆ ಕೊಡಿ ಎಂದರು. ಆಧಾರ್ ಕೊಟ್ಟೆ. ಇದು ಆಗಲ್ಲ ಎಂದರು. ಆಧಾರ್ ಇದ್ದ ಮೇಲೆ ನಾನು ಭಾರತೀಯನಲ್ಲವೇ? ನಾನು ಹುಟ್ಟಿದ್ದು 1992ರಲ್ಲಿ. (ಓದುಗರು, ಬೀದರ್)

ಉತ್ತರ: ನೀವು ಭಾರತೀಯರೇ. ಆದರೆ ಪೊಲೀಸರು ಹೇಳಿದ್ದರಲ್ಲೂ ತಪ್ಪಿಲ್ಲ. ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ, ಆಧಾರ್ ಸಂಖ್ಯೆ ತಾನಾಗಿ ಪೌರತ್ವಕ್ಕೆ ಪುರಾವೆಯಲ್ಲ ಎಂದು. ಇಲ್ಲಿ ವಾಸ ಇರುವವರಿಗೆಲ್ಲ ಅದು ಸಿಗುತ್ತದೆ, ವಿದೇಶಿಯರಿಗೂ ಸಹ. ಪಾನ್ ತೆರಿಗೆಯ ಲೆಕ್ಕಕ್ಕೆ. ಮತದಾರರ ಚೀಟಿಯ ತೂಕ ಸ್ವಲ್ಪ ಜಾಸ್ತಿ, ಯಾಕೆಂದರೆ ಪ್ರಜೆಗಳು ಮಾತ್ರ ಪಟ್ಟಿಯಲ್ಲಿ ಇರಬಹುದು. ಆದರೂ ಅದೊಂದೇ ಕಡೆಯ ಮಾತಲ್ಲ.

ಹಾಗಾದರೆ ಯಾವ ಕಾರ್ಡು? ನಮ್ಮಲ್ಲಿ ಹುಟ್ಟಿನಿಂದ ಪ್ರಜೆಯಾದವರಿಗೆಲ್ಲ ಕೊಡುವ ಪೌರತ್ವದ ಕಾರ್ಡು ಎಂಬುದೇ ಇಲ್ಲ. ಇದನ್ನು ಕೇಳಿದರೆ ಜನ ನಂಬುವುದಿಲ್ಲ. ಇರುವುದು 1955ರ ಪೌರತ್ವ ಕಾಯ್ದೆ. ಅದರಲ್ಲಿ ನೀವು ಯಾವಾಗ ಹುಟ್ಟಿದಿರಿ ಎಂಬುದು ಮುಖ್ಯ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು, ರಾಯಭಾರಿಗಳ ಮಕ್ಕಳಂಥ ಒಂದೆರಡು ವಿನಾಯಿತಿ ಬಿಟ್ಟು. ಅಲ್ಲಿಂದ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಭಾರತೀಯರು, ಇಲ್ಲವೇ ಒಬ್ಬರು ಭಾರತೀಯರಾಗಿ ಇನ್ನೊಬ್ಬರು ಅಕ್ರಮ ವಲಸಿಗರಲ್ಲದವರು ಆಗಿರಬೇಕು.

ನೀವು ನಡುವಿನ ಗುಂಪು. ಅಂದರೆ ನೀವು ಇಲ್ಲಿ ಹುಟ್ಟಿದ್ದಕ್ಕೆ ಒಂದು ಕಾಗದ, ತಂದೆ ಅಥವಾ ತಾಯಿ ಇಲ್ಲಿಯವರು ಎಂಬುದಕ್ಕೆ ಇನ್ನೊಂದು. ನಿಮ್ಮ ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆ ತೆಗೆದಿಡಿ. ಅದರ ಜೊತೆ ತಂದೆಯ ಶಾಲೆಯ ಟಿ.ಸಿ., ಹಳೆಯ ಮತದಾರರ ಪಟ್ಟಿ, ಪಾಸ್‌ಪೋರ್ಟ್ ಇದ್ದರೆ ಅದು, ಸಿಕ್ಕಿದ್ದನ್ನು ಇಡಿ. ಜಮೀನಿನ ಹಳೆಯ ಪಹಣಿ ಪೌರತ್ವದ ಪುರಾವೆಯಲ್ಲ. ಆದರೆ ಮನೆತನ ಎಷ್ಟು ಕಾಲದಿಂದ ಇಲ್ಲಿದೆ ಎಂದು ಹೇಳುತ್ತದೆ. ಪೊಲೀಸರಿಗೆ ಕೊಡುವುದೆಲ್ಲ ನಕಲು. ಮೂಲವನ್ನು ತೋರಿಸಿ ವಾಪಸ್ ತೆಗೆದುಕೊಳ್ಳಿ. ಈ ಪರಿಶೀಲನೆಗೆ ಅವರಿಗೆ ಯಾವ ಶುಲ್ಕವೂ ಇಲ್ಲ. ಚಹಾ ಕೊಡುವುದು ನಿಮ್ಮ ಇಷ್ಟ.

ಪ್ರಶ್ನೆ: ಅಂಕಪಟ್ಟಿಯಲ್ಲಿ ಮಂಜುನಾಥ ಎಚ್.ಆರ್. ಎಂದಿದೆ. ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಕೊನೆಗೆ ಒಂದು ‘ಎ’ ಜಾಸ್ತಿ. ಪಾನ್‌ನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿದ್ದಾರೆ. ಯಾವುದು ಹಾಕಲಿ? (ಓದುಗರು, ಮಂಡ್ಯ)

ಉತ್ತರ: ನಿಮ್ಮದು ನಮ್ಮ ಹಳೇ ಮೈಸೂರಿನವರ ಪೂರ್ತಿ ಪಾಡು. ಎಷ್ಟು ಫೈಲು ‘ಬಿ’ ಕೌಂಟರಿನಲ್ಲಿ ಈ ‘ಎ’ಗೆ ನಿಂತಿವೆಯೋ! ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಪಾನ್‌ನಲ್ಲಿ ಈಗಾಗಲೇ ಬಿಡಿಸಿದೆ, ಅದನ್ನೇ ಆಧಾರ ಮಾಡಿಕೊಳ್ಳಿ. ಮೊದಲು ಆಧಾರ್‌ನಲ್ಲಿ ಅದೇ ಕಾಗುಣಿತಕ್ಕೆ ತಿದ್ದಿಸಿ, ಆಮೇಲೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಅವಸರಕ್ಕೆ ಅದಲು ಬದಲು ಮಾಡಬೇಡಿ.

ಸುಮ್ನೆ ‘ಮಂಜುನಾಥ’ ಎಂದೊಂದೇ ಹೆಸರು ಹಾಕಿ, ಉಪನಾಮದ ಜಾಗ ಖಾಲಿ ಬಿಡುವವರೂ ಇದ್ದಾರೆ. ಇಲ್ಲಿ ಪಾಸ್‌ಪೋರ್ಟ್ ಸಿಗುತ್ತದೆ, ತೊಂದರೆ ಆಮೇಲೆ. 2022ರ ನವೆಂಬರಿನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದು ಎಂದು ಆಮೇಲೆ ಸಡಿಲಿಸಿದರು. ಯಾಕೆ ಬೇಕು ಆ ಆತಂಕ? ಎರಡೂ ಜಾಗ ತುಂಬಿ.

ಪ್ರಶ್ನೆ: ಊರು ಯಾದಗಿರಿ, ಕೆಲಸ ಬೆಂಗಳೂರು, ಇರುವುದು ಪಿಜಿಯಲ್ಲಿ. ಯಾವ ವಿಳಾಸ ಕೊಡಲಿ? (ಓದುಗಿ, ಬೆಂಗಳೂರು)

ಉತ್ತರ: ಈಗ ಇರುವ ವಿಳಾಸ. 2018ರಿಂದ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಕೊಡಬಹುದು. ಆದರೆ ಪೊಲೀಸರು ಬರುವುದು ನೀವು ಬರೆದ ವಿಳಾಸಕ್ಕೆ. ಅಲ್ಲಿ ನೀವಿಲ್ಲದಿದ್ದರೆ ವರದಿ ನಿಮ್ಮ ವಿರುದ್ಧ ಹೋಗುತ್ತದೆ. ಬಾಡಿಗೆ ಕರಾರು ನೋಂದಣಿಯಾಗಿರಬೇಕು, ಬರೀ ನೋಟರಿ ಆಗದು. ಅದಿಲ್ಲದಿದ್ದರೆ ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಈಗಿನ ವಿಳಾಸ ಹಾಕಿಸಿ. ಪಿಜಿ ಮಾಲೀಕರಿಗೆ ಮೊದಲೇ ಹೇಳಿಡಿ, ಪೊಲೀಸ್ ಎಂದರೆ ಅವರು ನಿಮ್ಮನ್ನು ಗೊತ್ತೇ ಇಲ್ಲ ಎಂದುಬಿಟ್ಟಾರು.

ಪ್ರಶ್ನೆ: ಊರಿನ ಗಲಾಟೆಯ ಕೇಸಿನಲ್ಲಿ ನನ್ನ ಹೆಸರೂ ಇದೆ. ಅರ್ಜಿಯಲ್ಲಿ ಬರೆಯದಿದ್ದರೆ ಆಗುತ್ತದೆಯೇ? (ಹೆಸರು, ಊರು ಬೇಡ)

ಉತ್ತರ: ಆಗದು. ಮುಚ್ಚಿಟ್ಟರೆ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅದೇ ಇನ್ನೊಂದು ಅಪರಾಧ. ಎರಡು ವರ್ಷದವರೆಗೆ ಸಜೆ ಇದೆ. ಕೇಸು ನಡೆಯುತ್ತಿರುವ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ತನ್ನಿ. ಅನುಮತಿಯಲ್ಲಿ ಅವಧಿ ಬರೆದಿರದಿದ್ದರೆ ಒಂದು ವರ್ಷದ ಪಾಸ್‌ಪೋರ್ಟ್ ಕೊಡುತ್ತಾರೆ. ಹಾಗಾಗಿ ಅವಧಿಯನ್ನು ಸ್ಪಷ್ಟವಾಗಿ ಬರೆಯಿಸುವಂತೆ ವಕೀಲರಿಗೆ ಹೇಳಿ.

ಪ್ರಶ್ನೆ: ಯಜಮಾನರ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು. ಅವರು ಮನೆಯಲ್ಲಿ ಇರಲಿಲ್ಲ. ಹೆಂಡತಿ ಎಂದರೂ ಪೋಸ್ಟ್‌ಮ್ಯಾನ್ ನನ್ನ ಕೈಗೆ ಕೊಡಲಿಲ್ಲ. ದೂರು ಕೊಡಬಹುದೇ? (ಓದುಗಿ, ಶಿರಸಿ)

ಉತ್ತರ: ಬೇಡ. ಅವರು ಸರಿಯಾಗಿಯೇ ಮಾಡಿದ್ದಾರೆ. ಪಾಸ್‌ಪೋರ್ಟಿನ ಸ್ಪೀಡ್ ಪೋಸ್ಟ್ ಕೊಡಬೇಕಾದ್ದು ಅರ್ಜಿದಾರರ ಕೈಗೇ, ಗುರುತು ನೋಡಿ. ಯಜಮಾನರು ಗುರುತಿನ ಚೀಟಿ ಹಿಡಿದುಕೊಂಡು ಅಂಚೆ ಕಚೇರಿಗೆ ಹೋಗಿ ತೆಗೆದುಕೊಳ್ಳಲಿ. ಜಾಸ್ತಿ ದಿನ ಬಿಟ್ಟರೆ ಅದು ಬೆಂಗಳೂರಿನ ಪಾಸ್‌ಪೋರ್ಟ್ ಕಚೇರಿಗೆ ವಾಪಸ್ ಹೋಗುತ್ತದೆ, ನಾಳೆಯೇ ಕಳಿಸಿ.