350 ರೂಪಾಯಿಯ ಗುಲಾಬಿ

ಪ್ರಶ್ನೆ: ಮಾನ್ಯರೇ, ತಂಗಿಯ ನಿಶ್ಚಿತಾರ್ಥಕ್ಕೆ ಹಾಕಿಕೊಳ್ಳಲೆಂದು 350 ರೂಪಾಯಿ ಕೊಟ್ಟು 50 ಮಿಲಿಲೀಟರಿನ ಗುಲಾಬಿ ಸೆಂಟು ಕೊಂಡೆ. ಮೊದಲ ಅರ್ಧ ಗಂಟೆ ಬಹಳ ಹಿತವಾಗಿತ್ತು. ಆಮೇಲೆ ಸೋಪಿನ ವಾಸನೆಯಂತಾಯಿತು. ಊಟದ ಹೊತ್ತಿಗೆ ಏನೂ ಉಳಿದಿರಲಿಲ್ಲ. ನಮ್ಮ ಮನೆಯವರು ಇದು ಡೂಪ್ಲಿಕೇಟ್ ಮಾಲು ಎನ್ನುತ್ತಾರೆ. ನಾನು ಮೋಸ ಹೋದೆನೆ?
— ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಬಂದ ಮೇಲೆ ಅದೇ ಬೆಲೆಯ ಒಂದು ಗುಲಾಬಿ ಸೆಂಟನ್ನು ನಾನೂ ಕೊಂಡು, ಎರಡು ವಾರ ದಿನವೂ ಹಾಕಿಕೊಂಡು ನೋಡಿದ ಬಳಿಕ ಈ ಉತ್ತರ ಬರೆಯುತ್ತಿದ್ದೇನೆ. ಯಾವ ಕಂಪನಿಯದೆಂದು ಹೇಳುವುದಿಲ್ಲ. ಈ ಬೆಲೆಯಲ್ಲಿ ಒಂದು ಸೀಸೆಗೂ ಇನ್ನೊಂದಕ್ಕೂ ಇರುವ ಅಂತರ ಮುಚ್ಚಳದ ಬಣ್ಣದಷ್ಟೇ ಎಂಬುದು ನನ್ನ ಗುಮಾನಿ.

ಮಣಿಕಟ್ಟಿನ ಮೇಲೆ ಒಮ್ಮೆ ಒತ್ತಿದೊಡನೆ ಮೂಗಿಗೆ ಬಡಿದದ್ದು ಸ್ಪಿರಿಟ್ಟಿನ ಘಾಟು. ಅದು ನಿಮಿಷದೊಳಗೆ ಆರಿಹೋಗಿ, ನಿಂಬೆಸಿಪ್ಪೆಯ ಚುರುಕೂ ಲಿಚಿ ಹಣ್ಣಿನ ನೀರುನೀರಾದ ಸಿಹಿಯೂ ಬೆರೆತ ಹಸಿ ಗುಲಾಬಿಯೊಂದು ಅದರ ಹಿಂದೆಯೇ ಎದ್ದು ಬಂತು. ಈ ಸೀಸೆಯಲ್ಲಿ ನನಗೆ ನಿಜವಾಗಿ ಮೆಚ್ಚಿಗೆಯಾದದ್ದು ಆ ಗಳಿಗೆಯೇ. ಅದು ಸುಮಾರು ಇಪ್ಪತ್ತು ನಿಮಿಷ ಇತ್ತು. ಬಳಿಕ ಹಸಿತನ ಹೋಗಿ, ನಯವಾದ, ಏರಿಳಿತವಿಲ್ಲದ ಗುಲಾಬಿ ಉಳಿಯಿತು. ಎರಡನೆಯ ಗಂಟೆಗೆ ಹೊಸ ಸೋಪಿನ ಹೊದಿಕೆ ಬಿಚ್ಚಿದಂಥ ವಾಸನೆ. ಮೂರನೆಯ ಗಂಟೆಗೆ ಒಗೆದು ಒಣಗಿಸಿದ ಬಟ್ಟೆಯ ಮಂದ ಪರಿಮಳ, ಅದೂ ಮಣಿಕಟ್ಟನ್ನು ಮೂಗಿಗೆ ಒತ್ತಿ ಹಿಡಿದರೆ ಮಾತ್ರ. ಅಂದರೆ ನಿಮ್ಮ ಸೀಸೆ ನಡೆದುಕೊಂಡಂತೆಯೇ ನನ್ನದೂ ನಡೆದುಕೊಂಡಿತು. ನೀವು ಮೋಸ ಹೋಗಿಲ್ಲ. ಆದರೆ ಸೀಸೆಯೊಳಗೆ ಹೂವಿದೆ ಎಂದು ನೀವು ನಂಬಿದ್ದರೆ ಆ ನಂಬಿಕೆಯನ್ನು ಬಿಡಬೇಕಾಗುತ್ತದೆ.

ಲೆಕ್ಕ ಸರಳವಾಗಿದೆ. ಬಲ್ಗೇರಿಯಾದ ಕಜಾನ್ಲಕ್ ಕಣಿವೆಯಲ್ಲಾಗಲಿ ಟರ್ಕಿಯ ಇಸ್ಪಾರ್ಟಾದಲ್ಲಾಗಲಿ, ಬಿಸಿಲೇರುವ ಮುನ್ನ ಬಿಡಿಸಿ ತಂದ ಡಮಾಸ್ಕ್ ಗುಲಾಬಿಯನ್ನು ಭಟ್ಟಿ ಇಳಿಸಿದರೆ, ಒಂದು ಕಿಲೋ ಎಣ್ಣೆಗೆ ಸುಮಾರು 3,000ದಿಂದ 5,000 ಕಿಲೋ ಹೂ ಬೇಕಾಗುತ್ತದೆ. ಆ ಎಣ್ಣೆಯ ಬೆಲೆ ಕಿಲೋಗೆ ಹಲವು ಲಕ್ಷ ರೂಪಾಯಿ. ತೀರ ಕಡಿಮೆಯೆಂದು 5 ಲಕ್ಷ ಹಿಡಿದರೂ ಒಂದು ಗ್ರಾಂಗೆ 500 ರೂಪಾಯಿ ಆಯಿತು. ನೀವು ಗಾಜು, ಪೆಟ್ಟಿಗೆ, ತೆರಿಗೆ, ಅಂಗಡಿಯವರ ಲಾಭ ಎಲ್ಲವನ್ನೂ ಸೇರಿಸಿ ಕೊಟ್ಟದ್ದು 350. ಆದ್ದರಿಂದ ಇಲ್ಲಿರುವುದು ಕಾರ್ಖಾನೆಯಲ್ಲಿ ತಯಾರಾದ ಕೆಲವೇ ಸುಗಂಧ ದ್ರವ್ಯಗಳ ಜೋಡಣೆ. ನಿಜವಾದ ಗುಲಾಬಿ ಎಣ್ಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಘಟಕಗಳಿವೆ. ಡಮಾಸ್ಕೆನೋನ್ ಎಂಬ ಒಂದಂತೂ ಶೇಕಡಾ ಒಂದರ ಸಣ್ಣದೊಂದು ಪಾಲಿನಷ್ಟೇ ಇದ್ದು, ಹಣ್ಣು, ಜೇನು, ಒಣಗಿದ ದಳ ಇವೆಲ್ಲದರ ಛಾಯೆಯನ್ನು ಆ ಎಣ್ಣೆಗೆ ಕೊಡುತ್ತದೆ. ಅಗ್ಗದ ಸೆಂಟು ಗಂಟೆಗಂಟೆಗೂ ಹೊಸದೇನನ್ನೂ ಹೇಳದೆ ಸಪ್ಪೆಯಾಗುವುದು ಇಂಥ ಸೂಕ್ಷ್ಮಗಳಿಗೆ ಅದರಲ್ಲಿ ಹೆಚ್ಚು ಜಾಗವಿಲ್ಲದ್ದರಿಂದ.

ಇಷ್ಟು ಹೇಳಿ ಕೈತೊಳೆದುಕೊಂಡರೆ ಆ ಸೀಸೆಗೆ ಅನ್ಯಾಯವಾಗುತ್ತದೆ. ಮೂರನೆಯ ದಿನ ಕಚೇರಿಯ ಲಿಫ್ಟಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನತ್ತ ತಿರುಗಿ, “ಯಾರ ಮದುವೆಗೆ ಹೋಗಿದ್ದಿರಿ?” ಎಂದು ಕೇಳಿದರು. ಅವರಿಗೆ ನೆನಪಾದದ್ದು ಗಿಡದ ಗುಲಾಬಿಯಲ್ಲ, ಮದುವೆಮನೆಯ ಬಾಗಿಲಲ್ಲಿ ಬೆಳ್ಳಿಯ ದಾನಿಯಿಂದ ತಲೆಯ ಮೇಲೆ ಚಿಮುಕಿಸುವ ಪನ್ನೀರು. ಅವರ ಮೂಗು ತಪ್ಪಲಿಲ್ಲ. ಅರಳಿದ ಗುಲಾಬಿಯ ಪರಿಮಳದಲ್ಲಿ ಫಿನೈಲ್ ಈಥೈಲ್ ಆಲ್ಕೊಹಾಲ್ ಎಂಬ ದ್ರವ್ಯದ ಪಾಲು ದೊಡ್ಡದು. ಅದು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ, ಭಟ್ಟಿ ಇಳಿಸುವಾಗ ಎಣ್ಣೆಯೊಂದಿಗೆ ಹೋಗದೆ ಬಹುಪಾಲು ನೀರಿನಲ್ಲೇ ಉಳಿದುಬಿಡುತ್ತದೆ. ಆ ನೀರೇ ಪನ್ನೀರು. ಹೀಗಾಗಿ ಲಕ್ಷಗಟ್ಟಲೆ ಬೆಲೆಯ ಎಣ್ಣೆಯಲ್ಲಿ ತೀರ ಕಡಿಮೆಯಿರುವ ಈ ದ್ರವ್ಯ ಪನ್ನೀರಿನಲ್ಲಿ ಧಾರಾಳವಾಗಿರುತ್ತದೆ. ಕಾರ್ಖಾನೆಯಲ್ಲಿ ಇದನ್ನು ತಯಾರಿಸುವುದಂತೂ ಬಹಳ ಅಗ್ಗ. ನಿಮ್ಮ ಸೀಸೆಯ ಗುಲಾಬಿಯೂ ಹೆಚ್ಚಾಗಿ ಇದರ ಮೇಲೆಯೇ ನಿಂತಿರುತ್ತದೆ. ಫ್ರಾನ್ಸಿನ ದುಬಾರಿ ಗುಲಾಬಿಯೊಂದಿಗೆ ಹೋಲಿಸಿದರೆ ಅದು ಸೋಲುತ್ತದೆ, ಪನ್ನೀರಿನೊಂದಿಗೆ ಹೋಲಿಸಿದರೆ ಹತ್ತಿರದ ನೆಂಟನಾಗಿ ಕಾಣುತ್ತದೆ. ನಿಶ್ಚಿತಾರ್ಥದ ಮನೆಗೆ ನೀವು ತಿಳಿಯದೆಯೇ ತಕ್ಕ ಪರಿಮಳವನ್ನೇ ಆರಿಸಿಕೊಂಡಿದ್ದಿರಿ.

ಸೋಪಿನ ವಾಸನೆಯ ದೂರಿಗೂ ಉತ್ತರ ಇಲ್ಲೇ ಇದೆ. ಈ ದ್ರವ್ಯ ಸೋಪಿನ ಕ್ಷಾರದಲ್ಲಿ ಕೆಡುವುದಿಲ್ಲ, ಬೆಲೆಯೂ ಕಡಿಮೆ. ಹೀಗಾಗಿ ಬಹಳ ಕಾಲದಿಂದ ಸೋಪು ತಯಾರಕರ ಕೈಗೆ ಅದು ಸುಲಭವಾಗಿ ಒದಗಿದೆ. ನಾವು ಹುಟ್ಟಿದಾಗಿನಿಂದ ಬಚ್ಚಲಮನೆಯಲ್ಲಿ ಗುಲಾಬಿಯನ್ನು ಮೂಸಿ ಬೆಳೆದಿದ್ದೇವೆ. ಈಗ ಮಣಿಕಟ್ಟಿನಿಂದ ಬಂದರೂ ಮೂಗು ನಮ್ಮನ್ನು ಬಚ್ಚಲಿಗೇ ಕರೆದೊಯ್ಯುತ್ತದೆ.

ಇನ್ನು, ಊಟದ ಹೊತ್ತಿಗೆ ಹೋಗಿಬಿಟ್ಟ ವಿಷಯ. ನನ್ನ ಎರಡು ವಾರಗಳಲ್ಲಿ ಬರಿಯ ಮೈಮೇಲೆ ಎರಡೂವರೆ ಗಂಟೆ ಬಾಳಿದ ಸೆಂಟು, ಸ್ನಾನದ ನಂತರ ವಾಸನೆಯಿಲ್ಲದ ಲೋಷನ್ನನ್ನೋ ಎರಡು ಹನಿ ಕೊಬ್ಬರಿ ಎಣ್ಣೆಯನ್ನೋ ತೆಳ್ಳಗೆ ಹಚ್ಚಿ ಅದರ ಮೇಲೆ ಹಾಕಿಕೊಂಡಾಗ ನಾಲ್ಕು ಗಂಟೆಯ ಹತ್ತಿರ ಬಂತು. ಒಣ ಚರ್ಮದ ಮೇಲೆ ಪರಿಮಳ ಬೇಗ ಹಾರಿಹೋಗುತ್ತದೆ. ಜಿಡ್ಡು ಅದನ್ನು ಹಿಡಿದಿಡುತ್ತದೆ. ಕೊಬ್ಬರಿ ಎಣ್ಣೆಗೆ ತನ್ನದೇ ವಾಸನೆಯಿರುವುದರಿಂದ ಲೋಷನ್ನೇ ಮೇಲು. ಹತ್ತಿ ಸೀರೆಯ ಸೆರಗಿಗೆ ಹಾಕಿದ್ದು ಮರುದಿನ ಬೆಳಿಗ್ಗೆಯೂ ಇತ್ತು, ಆದರೆ ಆ ಮಾತಿಗೆ ಕೆಳಗೆ ಬರುತ್ತೇನೆ.

ಪ್ರಶ್ನೆ: ನನ್ನ ಗುಲಾಬಿ ಸೆಂಟು ಹತ್ತು ನಿಮಿಷದಲ್ಲಿ ನನಗೆ ಗೊತ್ತೇ ಆಗುವುದಿಲ್ಲ. ಮತ್ತೆ ಮತ್ತೆ ಹಾಕಿಕೊಳ್ಳುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಕಿಟಕಿ ತೆರೆಯುತ್ತಾರೆ. ಯಾರ ಮೂಗು ಸರಿ?
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಪಕ್ಕದವರದು. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಕುಳಿತವರಿಗಿಂತ ಹೊರಗಿನಿಂದ ಬಂದವರಿಗೆ ಘಮ ಹೆಚ್ಚು ತಿಳಿಯುವುದು ಇದೇ ಕಾರಣಕ್ಕೆ. ಗುಲಾಬಿ ಸೆಂಟುಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಹೂವಿನ ಪರಿಮಳ ಇಳಿದ ಮೇಲೆ ತಳದಲ್ಲಿ ಉಳಿಯಲೆಂದು ಕೃತಕ ಕಸ್ತೂರಿಯನ್ನು ಬೆರೆಸಿರುತ್ತಾರೆ. ನಾನು ಮೇಲೆ ಒಗೆದ ಬಟ್ಟೆಯ ಪರಿಮಳ ಎಂದದ್ದು ಅದನ್ನೇ. ಅದರ ಅಣುಗಳು ದೊಡ್ಡವು, ಮತ್ತು ಕೆಲವರ ಮೂಗಿಗೆ ಕೆಲವು ಬಗೆಯ ಕಸ್ತೂರಿ ಹುಟ್ಟಿನಿಂದಲೇ ತಿಳಿಯುವುದಿಲ್ಲ. ಅಂಥವರು ಸೆಂಟು ಹಾರಿಹೋಯಿತೆಂದು ಮತ್ತೆ ಹಾಕಿಕೊಳ್ಳುತ್ತಾರೆ. ಸುತ್ತಲಿನವರಿಗೆ ಅದು ಮೊದಲಿನದರ ಮೇಲೆ ಇನ್ನೊಂದು ಪದರವಾಗುತ್ತದೆ. ಮಂಗಳೂರಿನಂಥ ಸೆಕೆಯ ಊರಿನ ತುಂಬಿದ ಬಸ್ಸಿಗೆ ಎರಡು ಸಲ ಒತ್ತಿದರೆ ಸಾಕು: ಕೊರಳ ಕೆಳಗೆ ಒಮ್ಮೆ, ಮೊಣಕೈಯ ಒಳಮಡಿಕೆಯಲ್ಲಿ ಒಮ್ಮೆ. ಮತ್ತೆ ಹಾಕಿಕೊಳ್ಳಬೇಕೆನಿಸಿದಾಗ ಮನೆಯಲ್ಲೋ ಹಾಸ್ಟೆಲಿನಲ್ಲೋ ಮುಚ್ಚುಮರೆಯಿಲ್ಲದೆ ಮಾತನಾಡುವ ಒಬ್ಬರನ್ನು ಕೇಳಿ.

ಪ್ರಶ್ನೆ: ಸ್ಪ್ರೇಗಿಂತ ಗುಲಾಬಿ ಅತ್ತರು ಶುದ್ಧವೆಂದು ಹೇಳುತ್ತಾರೆ. ಸಣ್ಣ ಸೀಸೆ 200 ರೂಪಾಯಿಗೇ ಸಿಗುತ್ತದೆ. ಕೊಳ್ಳಬಹುದೇ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಧಾರಾಳವಾಗಿ ಕೊಳ್ಳಿರಿ, ಆದರೆ ಶುದ್ಧ ಎಂಬ ಮಾತನ್ನು ಪಕ್ಕಕ್ಕಿಟ್ಟು ಕೊಳ್ಳಿರಿ. ಉತ್ತರ ಪ್ರದೇಶದ ಕನ್ನೌಜಿನಲ್ಲಿ ಇಂದಿಗೂ ತಾಮ್ರದ ‘ದೇಗ್’ ಎಂಬ ಹಂಡೆಯಲ್ಲಿ ಹೂವನ್ನೂ ನೀರನ್ನೂ ತುಂಬಿ, ಬಾಯಿಯನ್ನು ಮಣ್ಣಿನಿಂದ ಮೆತ್ತಿ, ಬಿದಿರಿನ ಕೊಳವೆಯ ಮೂಲಕ ಹಬೆಯನ್ನು ‘ಭಪ್ಕಾ’ ಎಂಬ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಆ ಪಾತ್ರೆಯಲ್ಲಿ ಮೊದಲೇ ಇರುವ ಶ್ರೀಗಂಧದ ಎಣ್ಣೆ ಗುಲಾಬಿಯನ್ನು ಹೀರಿಕೊಳ್ಳುತ್ತದೆ. ಸಾಂಪ್ರದಾಯಿಕ ಅತ್ತರೆಂದರೆ ಹೂವಿನಷ್ಟೇ ಗಂಧದ ಮರದ್ದೂ ಹೌದೆಂಬುದನ್ನು, ಗಂಧದೆಣ್ಣೆಯ ಕಾರ್ಖಾನೆಯಿರುವ ನಿಮ್ಮ ಊರಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಗಂಧದೆಣ್ಣೆಯ ಬೆಲೆ ಗಗನಕ್ಕೇರಿದ ಮೇಲೆ ಅನೇಕ ಕಡೆ ಅದರ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂದಿದೆ. 200 ರೂಪಾಯಿಯ ಸೀಸೆಯಲ್ಲಿ ಹೂವೂ ಇರಲಾರದು, ಗಂಧವೂ ಇರಲಾರದು.

ಹಾಗಿದ್ದೂ ಕೊಳ್ಳಿರೆಂದು ಏಕೆ ಹೇಳಿದೆನೆಂದರೆ, ಎಣ್ಣೆಯ ಅತ್ತರಿನಲ್ಲಿ ಸ್ಪಿರಿಟ್ ಇರುವುದಿಲ್ಲ. ಆರಂಭದ ಘಾಟಿಲ್ಲ, ದೂರಕ್ಕೆ ಹರಡುವುದಿಲ್ಲ, ಮೈಗೆ ಹತ್ತಿ ಹೆಚ್ಚು ಹೊತ್ತು ಇರುತ್ತದೆ. ನಾನು ಹೋಲಿಸಿ ನೋಡಲೆಂದು ತಂದ ಅಗ್ಗದ ಗುಲಾಬಿ ಅತ್ತರು ಗುಲ್ಕನ್ನಿನಂತೆ ತುಸು ಹೆಚ್ಚೇ ಸಿಹಿಯಾಗಿತ್ತು, ಆದರೆ ಸಂಜೆಯವರೆಗೂ ಇತ್ತು. ದೇವರಾಜ ಮಾರುಕಟ್ಟೆಯ ಸುಗಂಧ ತೈಲದ ಅಂಗಡಿಗಳು ನಿಮಗೆ ಹತ್ತಿರದಲ್ಲೇ ಇವೆ. ಒಂದು ಕೈಗೆ ಒಂದು, ಇನ್ನೊಂದು ಕೈಗೆ ಇನ್ನೊಂದು ಹಚ್ಚಿಸಿಕೊಂಡು, ಅಲ್ಲೇ ತೀರ್ಮಾನಿಸದೆ, ತರಕಾರಿ ಕೊಂಡು ಕಾಫಿ ಕುಡಿದು ಒಂದು ಗಂಟೆ ಬಿಟ್ಟು ಮೂಸಿ ನೋಡಿ. ಆಗ ಯಾವ ಕೈ ಹಿಡಿಸುತ್ತದೋ ಅದನ್ನು ಕೊಳ್ಳಿ. ಮೂರನೆಯದನ್ನು ಮೂಸಲು ಹೋಗಬೇಡಿ. ಆ ಹೊತ್ತಿಗೆ ಮೂಗಿಗೆ ಎಲ್ಲವೂ ಒಂದೇ.

ಪ್ರಶ್ನೆ: ರೇಷ್ಮೆ ಸೀರೆಗೆ ಗುಲಾಬಿ ಸೆಂಟು ಹಾಕಬಹುದೇ? ಕುತ್ತಿಗೆಗೆ ಹಾಕಿದರೆ ಕೆಂಪಾಗಿ ತುರಿಸುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ರೇಷ್ಮೆಗೆ ಬೇಡ. ಸೆಂಟು ಬಣ್ಣದ ಮೇಲೆ ಕಲೆ ಉಳಿಸಬಹುದು, ಬೆಳ್ಳಿಯ ಜರಿಯನ್ನು ಮಂಕಾಗಿಸಬಹುದು. ನನ್ನ ಪ್ರಯೋಗ ಹಳೆಯ ಹತ್ತಿ ಸೀರೆಯ ಮೇಲೆ ನಡೆದದ್ದು, ಅದರಲ್ಲೂ ಬಿಳಿಯ ಅಂಚಿನಲ್ಲಿ ಹಳದಿ ಛಾಯೆ ಬಂದಿದೆ. ಕರವಸ್ತ್ರಕ್ಕೋ ಲಂಗದ ಒಳಮಗ್ಗುಲಿಗೋ ಹಾಕಿಕೊಂಡು, ಪೂರ್ತಿ ಆರಿದ ಮೇಲೆ ಸೀರೆ ಉಡಿ.

ತುರಿಕೆಯನ್ನು ಹಗುರವಾಗಿ ನೋಡಬೇಡಿ. ಗುಲಾಬಿಯ ಪರಿಮಳಕ್ಕೆ ಅಗತ್ಯವಾದ ಜೆರಾನಿಯೋಲ್, ಸಿಟ್ರೊನೆಲ್ಲೋಲ್ ಎಂಬ ದ್ರವ್ಯಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಮತ್ತು ಇವು ಅಸಲಿ ಗುಲಾಬಿ ಎಣ್ಣೆಯಲ್ಲೂ ಇವೆ; ಆದ್ದರಿಂದ ದುಬಾರಿಯದನ್ನು ಕೊಂಡರೆ ತುರಿಕೆ ನಿಲ್ಲುತ್ತದೆಂಬ ಭರವಸೆಯಿಲ್ಲ. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಈ ಹೆಸರುಗಳಿವೆಯೇ ನೋಡಿ. ಅನೇಕ ಸೆಂಟುಗಳಲ್ಲಿರುವ ಲಿನಲೂಲ್ ಗಾಳಿಯ ಸಂಪರ್ಕದಿಂದ ಕಾಲಕ್ರಮೇಣ ಇನ್ನಷ್ಟು ಕಾಟ ಕೊಡುವ ರೂಪ ತಾಳುತ್ತದೆ. ಮುಚ್ಚಳ ತೆರೆದು ವರ್ಷಗಳಾದ ಸೀಸೆಯಾಗಿದ್ದರೆ ಅದನ್ನು ಬಿಟ್ಟುಬಿಡುವುದೇ ಲೇಸು. ಹೊಸದನ್ನು ಕೊಂಡಾಗ ಮುಂಗೈಯ ಒಳಭಾಗದಲ್ಲಿ ಒಂದೇ ಕಡೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ. ಕೆಂಪಾದರೆ ಆ ಸೀಸೆ ಬಟ್ಟೆಗೆ ಮಾತ್ರ. ಅದೇ ಮತ್ತೆ ಮತ್ತೆ ಆದರೆ ಚರ್ಮ ವೈದ್ಯರನ್ನು ಕಾಣಿರಿ.

ಪ್ರಶ್ನೆ: ಗಂಡಸರು ಗುಲಾಬಿ ಹಾಕಿಕೊಂಡರೆ ಜನ ನಗುವುದಿಲ್ಲವೇ?
— ಓದುಗ, ಕಲಬುರಗಿ

ಉತ್ತರ: ಕಲಬುರಗಿಯಿಂದ ಈ ಪ್ರಶ್ನೆ ಬಂದದ್ದು ನನಗೆ ಸೋಜಿಗ. ನಿಮ್ಮಲ್ಲಿ ಶುಕ್ರವಾರದ ನಮಾಜಿಗೆ ಹೊರಟವರ ಪಕ್ಕದಲ್ಲಿ ಹಾದುಹೋಗಿ ನೋಡಿ. ಸೌದಿ ಅರೇಬಿಯಾದ ತಾಯಿಫ್‌ನ ಗುಲಾಬಿ ಎಣ್ಣೆಯನ್ನು ಅರಬರಲ್ಲಿ ಗಂಡಸರೇ ಹೆಮ್ಮೆಯಿಂದ ಹಚ್ಚಿಕೊಳ್ಳುತ್ತಾರೆ. ಬರಿಯ ಗುಲಾಬಿ ತೀರ ಸಿಹಿಯೆನಿಸಿದರೆ ಅದೇ ಜಾಗದಲ್ಲಿ ಒಂದು ಹನಿ ಗಂಧದ ಅಥವಾ ಲಾವಂಚದ ಅತ್ತರನ್ನು ಮೊದಲು ಹಚ್ಚಿ, ಮೇಲೆ ಗುಲಾಬಿಯನ್ನು ಒಮ್ಮೆ ಒತ್ತಿಕೊಳ್ಳಿ. ನನ್ನ ಸೀಸೆಯಲ್ಲಿ ಉಳಿದದ್ದನ್ನು ನಾನೀಗ ಹೀಗೆಯೇ ಲಾವಂಚದ ಮೇಲೆ ಹಾಕಿಕೊಂಡು ಮುಗಿಸುತ್ತಿದ್ದೇನೆ. ಸೋಪಿನ ವಾಸನೆ ಮುಕ್ಕಾಲು ಪಾಲು ಅಡಗಿದೆ.