ಸಣ್ಣಪುಟ್ಟ ನಿರ್ಧಾರಕ್ಕೂ ದೇವರನ್ನು ಕೇಳಬೇಕಾ?

ಮನೆ ಬದಲಿಸೋದು, ಸಾಲ ಮಾಡೋದು, ಇಂಥದ್ದಕ್ಕೂ ಪ್ರಾರ್ಥನೆ ಬೇಕಾ, ದೇವರು ಕೊಟ್ಟ ಬುದ್ಧಿ ಸಾಲದಾ ಅಂತ ಕೇಳಿದ್ದೀರಿ.

ಬುದ್ಧಿ ಉಪಯೋಗಿಸಲೇಬೇಕು. ಆದರೆ ಬೈಬಲಿನಲ್ಲಿ ಯೆಹೋಶುವ ಪುಸ್ತಕದ 9ನೇ ಅಧ್ಯಾಯ ಒಮ್ಮೆ ಓದಿ. ಕಾನಾನ್ ದೇಶದ ಗಿಬ್ಯೋನ್ ಊರಿನವರು ತೇಪೆ ಹಾಕಿದ ಕೆರ ಮೆಟ್ಟಿಕೊಂಡು, ಬೂಸ್ಟು ಹಿಡಿದ ಒಣರೊಟ್ಟಿ ತಂದು, ನಾವು ಬಹಳ ದೂರದವರು ಅಂತ ಇಸ್ರಾಯೇಲ್ಯರಿಗೆ ಹೇಳುತ್ತಾರೆ. ಕಣ್ಣಿಗೆ ಕಾಣುವ ಸಾಕ್ಷಿ ಪಕ್ಕಾ ಇತ್ತು, ಅಲ್ವಾ? ಇಸ್ರಾಯೇಲ್ಯರು ಒಪ್ಪಂದ ಮಾಡಿ ಆಣೆಯನ್ನೂ ಇಟ್ಟರು. ಮೂರು ದಿನ ಕಳೆದ ಮೇಲೆ ಗೊತ್ತಾಯಿತು, ಅವರು ಅಲ್ಲೇ ಹತ್ತಿರದವರು, ಒಪ್ಪಂದ ಮಾಡಿಕೊಳ್ಳಬಾರದು ಅಂತ ದೇವರು ಹೇಳಿದ್ದ ಜನ ಅಂತ. ಎಡವಿದ್ದು ಎಲ್ಲಿ ಅನ್ನೋದನ್ನು 14ನೇ ವಚನ ಹೇಳುತ್ತದೆ: ದೇವರಾದ ಯೆಹೋವನನ್ನು ಇಸ್ರಾಯೇಲ್ಯರು ಕೇಳಲೇ ಇಲ್ಲ.

ಕೇಳುವುದಕ್ಕೆ ಜಾಸ್ತಿ ಹೊತ್ತೂ ಬೇಕಿಲ್ಲ. ನೆಹೆಮೀಯ 2:4 ನೋಡಿ. ನೆಹೆಮೀಯ ಪರ್ಷಿಯಾದ ಅರಸನ ಸೇವಕ. ನಿನಗೆ ಏನು ಬೇಕು ಅಂತ ಅರಸ ಕೇಳಿದಾಗ, ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವಿನ ಒಂದು ಕ್ಷಣದಲ್ಲೇ ಅವನು ಪ್ರಾರ್ಥಿಸಿದ. ಕೇಳಿದವರನ್ನು ದೇವರು ಗದರುವುದಿಲ್ಲ, ಧಾರಾಳವಾಗಿ ಕೊಡುತ್ತಾನೆ ಅಂತ ಯಾಕೋಬ 1:5 ಹೇಳುತ್ತದೆ. ನನಗೆ ತುಂಬಾ ಧೈರ್ಯ ಕೊಟ್ಟ ಮಾತು ಅದು.

ಒಂದು ವಿಷಯ ಮಾತ್ರ ಬೇಡ. ಸುಮ್ನೆ ಬೈಬಲ್ ತೆರೆದು, ಬೆರಳಿಟ್ಟ ವಚನವನ್ನೇ ಉತ್ತರ ಅಂದುಕೊಳ್ಳಬೇಡಿ. ನಾನು ಪ್ರಾರ್ಥಿಸಿ, ಸಭೆಯ ಹಿರಿಯರೊಬ್ಬರ ಹತ್ತಿರ ಮಾತಾಡುತ್ತೇನೆ. ಆಮೇಲೆ ಯಾಕೋಬ 3:17 ಓದುತ್ತೇನೆ. ಮೇಲಿಂದ ಬರುವ ಜ್ಞಾನ ಶುದ್ಧವಾದದ್ದು, ಸಮಾಧಾನದ್ದು ಅನ್ನುತ್ತದೆ ಅದು. ನನ್ನ ನಿರ್ಧಾರದಲ್ಲಿ ಹೊಟ್ಟೆಕಿಚ್ಚೋ ಹಟವೋ ಕಂಡರೆ, ಸಹಿ ಹಾಕದೆ ಇನ್ನೂ ಎರಡು ದಿನ ಕಾಯುತ್ತೇನೆ.